ಒಂದೇ ಪಕ್ಕದ ಬಾಗಿಲು

ವೇಲ್ಸ್ ನಾಡಿನ ಪಶ್ಚಿಮ ಕರಾವಳಿಯಲ್ಲಿ ಟವಿನ್ ಎಂಬ ಚಿಕ್ಕದೊಂದು ಊರಿದೆ. ಕಡಲನ್ನು ಬೆನ್ನಿಗಿಟ್ಟುಕೊಂಡು ಆ ಊರಿನಿಂದ ಬೆಟ್ಟಗಳ ಕಡೆಗೆ ಏಳೂಕಾಲು ಮೈಲಿ ದೂರ ಒಂದು ಪುಟ್ಟ ಉಗಿಬಂಡಿ ಓಡುತ್ತದೆ. ಅದರ ಹಳಿಗಳ ನಡುವಣ ಅಂತರ ಕೇವಲ 2 ಅಡಿ 3 ಅಂಗುಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹಿಂದೆ ಓಡುತ್ತಿದ್ದ ಸಣ್ಣ ರೈಲನ್ನು ಕಂಡವರು ಇನ್ನೂ ಇದ್ದಾರೆ. ಅದರ ಹಳಿಗಿಂತಲೂ ಇದು 3 ಅಂಗುಲ ಕಿರಿದು. ಈ ಬಂಡಿಯನ್ನು ಏರಹೊರಟ ಹೊಸಬನಿಗೆ ಮೊದಲು ಕಣ್ಣಿಗೆ ಬೀಳುವ ಸೋಜಿಗವೆಂದರೆ, ಗಾಡಿಗಳಿಗೆ ಬಾಗಿಲಿರುವುದು ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕದಿಂದ ಹತ್ತುವಂತೆಯೂ ಇಲ್ಲ, ಇಳಿಯುವಂತೆಯೂ ಇಲ್ಲ. ಹೀಗೇಕೆಂದು ಕೇಳಿದರೆ ಅದಕ್ಕೆ ಉತ್ತರ ನೂರೈವತ್ತು ವರ್ಷಗಳಿಗೂ ಹಿಂದಿನ ಒಂದು ತಪ್ಪಿನಲ್ಲಿದೆ. ಆ ತಪ್ಪಿನ ಕಥೆ, ಅದನ್ನು ಹೊತ್ತ ರೈಲುದಾರಿಯ ಕಥೆ, ಸಾಯಬೇಕಾಗಿದ್ದ ಆ ದಾರಿ ಕೂಲಿಯನ್ನು ಬಯಸದ ಜನರ ಕೈಯಲ್ಲಿ ಬದುಕಿ ಉಳಿದ ಕಥೆ, ಇವಿಷ್ಟು ಈ ಹೊತ್ತಿನ ನನ್ನ ಮಾತಿನ ವಸ್ತು.

ಈ ದಾರಿಯ ಹೆಸರು ಟಾಲಿಲಿನ್ ರೈಲ್ವೆ. ವೆಲ್ಷ್ ಭಾಷೆಯ ಆ ನಡುವಣ ಲಕಾರ ನಮ್ಮ ನಾಲಗೆಗೆ ಸುಲಭವಾಗಿ ದಕ್ಕುವಂಥದಲ್ಲ. ಇಂಗ್ಲಿಷರಿಗೂ ದಕ್ಕಿಲ್ಲವೆಂಬುದೊಂದು ಸಮಾಧಾನ. ಹೆಸರಿನ ಅರ್ಥ ಮಾತ್ರ ನಮಗೆ ಚಿರಪರಿಚಿತ. 'ಟಾಲ್' ಎಂದರೆ ಕೊನೆ, 'ಲಿನ್' ಎಂದರೆ ಕೆರೆ, ಸರೋವರ. ನಮ್ಮಲ್ಲಿ ಕೆರೆಕೋಡಿ ಎಂಬ ಊರುಗಳಿಲ್ಲವೆ, ಹಾಗೆ. ಕಾಡರ್ ಇದ್ರಿಸ್ ಎಂಬ ಬೆಟ್ಟದ ಬುಡದಲ್ಲಿರುವ ಸರೋವರವೊಂದರಿಂದ ಈ ಹೆಸರು ಬಂತು. ವಿನೋದವೆಂದರೆ ರೈಲುದಾರಿ ಆ ಸರೋವರವನ್ನು ಎಂದೂ ಮುಟ್ಟಲಿಲ್ಲ. ಅದು ಮುಟ್ಟಬೇಕಾಗಿದ್ದುದು ಸರೋವರವನ್ನಲ್ಲ, ಕಲ್ಲಿನ ಗಣಿಯನ್ನು.

ನಮ್ಮ ಬಾಲ್ಯದಲ್ಲಿ ನಾವು ಬಳಪ ಹಿಡಿದು ಅ ಆ ತಿದ್ದಿದ ಕಪ್ಪು ಹಲಗೆಯನ್ನು ನೆನೆದುಕೊಳ್ಳಿ. ಮೈಸೂರಿನ ಕಡೆ ಅದನ್ನು ಸ್ಲೇಟು ಎಂದೆವು, ಧಾರವಾಡದ ಕಡೆ ಪಾಟಿ ಎಂದರು. ಆ ಜಾತಿಯ ಕಲ್ಲು ಪದರ ಪದರವಾಗಿ ಸೀಳುತ್ತದೆ. ತೆಳುವಾಗಿ ಸೀಳಿದರೂ ಮಳೆಯ ನೀರನ್ನು ಒಳಕ್ಕೆ ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಯ ಊರುಗಳು ಬೆಳೆಬೆಳೆದಂತೆಲ್ಲ ಅಲ್ಲಿನ ಸಾಲುಮನೆಗಳ ಮಾಡಿಗೆ ಹೊದಿಸಲು ವೇಲ್ಸಿನ ಬೆಟ್ಟಗಳ ಸ್ಲೇಟು ಗಾಡಿಗಟ್ಟಲೆ ಹೊರಟಿತು. ಟವಿನ್ನಿನ ಹಿಂದಿನ ಬೆಟ್ಟಗಳಲ್ಲಿ ಬ್ರಿನ್ ಎಗ್ಲ್ವಿಸ್, ಎಂದರೆ 'ಚರ್ಚಿನ ಗುಡ್ಡ', ಎಂಬಲ್ಲಿ ಇಂಥದೊಂದು ಗಣಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿತ್ತು. ಕಲ್ಲನ್ನು ಕುದುರೆಗಳ ಮೇಲೆ ಹೇರಿ ಬೆಟ್ಟ ದಾಟಿಸಿ ಕಡಲ ದಂಡೆಗೆ ತರಬೇಕಾಗಿತ್ತು. ಅಷ್ಟು ಪ್ರಯಾಸಪಟ್ಟು ತಂದ ಕಲ್ಲಿನಲ್ಲಿ ಲಾಭ ಎಷ್ಟು ತಾನೇ ಉಳಿದೀತು?

ಆ ಗಣಿಗೆ ಭಾಗ್ಯ ಬಂದುದು ವೇಲ್ಸಿನಿಂದಲ್ಲ, ಅಮೆರಿಕದ ಯುದ್ಧದಿಂದ. 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧ ಮೊದಲಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ಮುತ್ತಿಗೆ ಹಾಕಿತು. ಗುಲಾಮರ ಬೆವರಿನಿಂದ ಬೆಳೆದ ಹತ್ತಿಯನ್ನು ನಂಬಿ ನಡೆಯುತ್ತಿದ್ದ ಮ್ಯಾಂಚೆಸ್ಟರಿನ ಗಿರಣಿಗಳು ನೂಲಿಲ್ಲದೆ ನಿಂತವು. ಲಕ್ಷಾಂತರ ಕೆಲಸಗಾರರು ಹಸಿದರು. ಈ ಕಥೆಯ ಒಂದು ಎಳೆ ನಮ್ಮ ನಾಡಿಗೂ ಬಂದು ತಾಗಿದೆ. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೇರೂರಿತ್ತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದಲೇ ಅದು ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ಮ್ಯಾಂಚೆಸ್ಟರಿನ ಕಣ್ಣು ಈಗ ಅದರ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಕಾರವಾರದ ಬಂದರಿನಿಂದ ಧಾರವಾಡದ ಹತ್ತಿಯನ್ನು ಸಾಗಿಸುವ ಹವಣಿಕೆಯೂ ಇತ್ತು. ಎರಡು ಮೂರು ವರ್ಷ ಹತ್ತಿಗೆ ಚಿನ್ನದ ಬೆಲೆ ಬಂದು, 1865ರಲ್ಲಿ ಯುದ್ಧ ಮುಗಿದೊಡನೆ ಆ ಬೆಲೆ ಕುಸಿದುದನ್ನು ನಮ್ಮ ಇತಿಹಾಸದ ಪುಸ್ತಕಗಳು ಹೇಳುತ್ತವೆ.

ಅದೇ ಹತ್ತಿಯ ಬರಗಾಲದಲ್ಲಿ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಲ್ಲಿ ಒಬ್ಬನಾದ ವಿಲಿಯಂ ಮೆಕಾನೆಲ್, ಬಂಡವಾಳವನ್ನೆಲ್ಲ ಹತ್ತಿಯೊಂದರಲ್ಲೇ ತೊಡಗಿಸುವುದು ಅಪಾಯವೆಂದು ಬಗೆದು ಬೇರೆ ಕಸುಬನ್ನು ಹುಡುಕಿದ. 1864ರಲ್ಲಿ ಮೆಕಾನೆಲ್ ಮನೆತನದವರು ಕೂಡಿ ಒಂದು ಸ್ಲೇಟು ಕಂಪನಿ ಕಟ್ಟಿ ಬ್ರಿನ್ ಎಗ್ಲ್ವಿಸ್ ಗಣಿಯನ್ನು ಗುತ್ತಿಗೆಗೆ ಹಿಡಿದರು. ಕಲ್ಲು ಸಾಗಿಸಲು ಕುದುರೆಯ ಬೆನ್ನು ಸಾಲದೆಂದು ರೈಲುದಾರಿ ಹಾಕಲು ನಿಶ್ಚಯಿಸಿದರು. ಪ್ರಯಾಣಿಕರನ್ನೂ ಒಯ್ಯುವ ಇರಾದೆ ಇದ್ದುದರಿಂದ ಪಾರ್ಲಿಮೆಂಟಿನ ಅನುಮತಿ ಬೇಕಾಯಿತು. 1865ರ ಜುಲೈ 5ರಂದು ಅದಕ್ಕಾಗಿ ಕಾಯಿದೆಯೊಂದು ಅಂಗೀಕಾರವಾಯಿತು. ಇಷ್ಟು ಕಿರಿದಾದ ಹಳಿಯ ಮೇಲೆ ಉಗಿ ಎಂಜಿನ್ನಿನಿಂದ ಪ್ರಯಾಣಿಕರನ್ನು ಒಯ್ಯಲು ಬ್ರಿಟನ್ನಿನಲ್ಲಿ ಮೊದಮೊದಲು ಅನುಮತಿ ಪಡೆದ ದಾರಿಗಳಲ್ಲಿ ಇದೂ ಒಂದು. ಜೇಮ್ಸ್ ಸ್ವಿಂಟನ್ ಸ್ಪೂನರ್ ಎಂಬ ಎಂಜಿನಿಯರ್ ದಾರಿಯನ್ನು ಕಟ್ಟಿದ. ಡಾಲ್ಗೋಕ್ ಎಂಬಲ್ಲಿ ಕೊಳ್ಳವೊಂದನ್ನು ದಾಟಲು 50 ಅಡಿಗೂ ಮೀರಿದ ಎತ್ತರದ ಇಟ್ಟಿಗೆಯ ಕಮಾನು ಸೇತುವೆ ಎದ್ದಿತು. ಇಂಗ್ಲೆಂಡಿನ ವೈಟ್‌ಹೇವನ್ ಊರಿನ ಕಾರ್ಖಾನೆಯಿಂದ ಎರಡು ಎಂಜಿನ್ನುಗಳು ಬಂದವು. ಒಂದರ ಹೆಸರು 'ಟಾಲಿಲಿನ್', ಇನ್ನೊಂದರದು 'ಡಾಲ್ಗೋಕ್'.

ಈಗ ಆ ತಪ್ಪಿನ ವಿಷಯ. 1866ರಲ್ಲಿ ಕ್ಯಾಪ್ಟನ್ ಹೆನ್ರಿ ಟೈಲರ್ ಎಂಬ ಸರಕಾರಿ ಪರೀಕ್ಷಕ ದಾರಿಯನ್ನು ನೋಡಲು ಬಂದ. ದಾರಿಯ ಮೇಲೆ ಹಾದುಹೋಗುವ ರಸ್ತೆ ಸೇತುವೆಗಳನ್ನು ಅಳೆದು ನೋಡಿದರೆ ಅವುಗಳ ಒಳ ಅಗಲ 9 ಅಡಿ 1 ಅಂಗುಲ. ಗಾಡಿಯ ಅಗಲ 5 ಅಡಿ ಮೂರೂವರೆ ಅಂಗುಲ. ಗಾಡಿ ಸೇತುವೆಯ ನಟ್ಟನಡುವೆ ನಿಂತರೆ ಎರಡೂ ಕಡೆ ಉಳಿಯುವ ಎಡೆ ಎರಡಡಿಗೂ ಕಡಮೆ. ನಿಯಮದಂತೆ ಇರಬೇಕಾದುದು ಎರಡೂವರೆ ಅಡಿ. ಸೇತುವೆಯ ಕೆಳಗೆ ಬಂಡಿಯೇನಾದರೂ ಕೆಟ್ಟು ನಿಂತರೆ ಪ್ರಯಾಣಿಕರು ಬಾಗಿಲು ತೆಗೆದು ಹೊರಬರುವುದು ಹೇಗೆ? ಸೇತುವೆಗಳನ್ನೆಲ್ಲ ಒಡೆದು ಮತ್ತೆ ಕಟ್ಟುವ ಶಕ್ತಿ ಕಂಪನಿಗಿರಲಿಲ್ಲ. ಕೊನೆಗೆ ಕಂಡ ಉಪಾಯ ಇದು: ಸೇತುವೆಗಳ ಕೆಳಗೆ ಹಳಿಯನ್ನು ನಡುವಿನಿಂದ ಒಂದು ಪಕ್ಕಕ್ಕೆ ಸರಿಸುವುದು, ಗೋಡೆಗೆ ಹತ್ತಿರವಾದ ಕಡೆಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿಬಿಡುವುದು, ಇನ್ನೊಂದು ಕಡೆ ಬೇಕಾದಷ್ಟು ಎಡೆ ತಾನಾಗಿಯೇ ದೊರೆಯುತ್ತದೆ. ಅದೇ ಪರೀಕ್ಷಕ ಎಂಜಿನ್ನುಗಳಲ್ಲೂ ಕುಂದು ಕಂಡ: ಒಂದು ಮೇಲೆ ಕೆಳಗೆ ಕುಣಿಯುತ್ತದೆ, ಇನ್ನೊಂದು ಎಡಕ್ಕೂ ಬಲಕ್ಕೂ ಓಲಾಡುತ್ತದೆ ಎಂದ. ಕುಣಿಯುವ ಎಂಜಿನ್ನಿಗೆ ಹಿಂದುಗಡೆ ಒಂದು ಜೊತೆ ಗಾಲಿಗಳನ್ನು ಹೆಚ್ಚಾಗಿ ಜೋಡಿಸಿದರು. ಹೀಗೆ ತೇಪೆ ಹಾಕಿಸಿಕೊಂಡು ಹುಟ್ಟಿದ ದಾರಿ 1866ರ ಕೊನೆಗೆ ಪ್ರಯಾಣಿಕರಿಗೆ ತೆರೆಯಿತು. ಆ ಎರಡು ಎಂಜಿನ್ನುಗಳೂ ಮೊದಲ ಗಾಡಿಗಳೂ ಇಂದಿಗೂ ಅಲ್ಲಿ ಇವೆ. ಮುಚ್ಚಿದ ಬಾಗಿಲುಗಳ ಪದ್ಧತಿಯೂ ಇದೆ.

ದಾರಿಯ ಬದುಕು ಗಣಿಯ ಬದುಕಿಗೆ ಕಟ್ಟಿದ ಬದುಕು. ಉತ್ಕರ್ಷದ ಕಾಲದಲ್ಲಿ ಗಣಿಯಲ್ಲಿ ಸುಮಾರು 300 ಮಂದಿ ದುಡಿಯುತ್ತಿದ್ದರು. ಅವರಿಗಾಗಿ ಅಬರ್ಗನೋಲ್ವಿನ್ ಎಂಬ ಹಳ್ಳಿಯಲ್ಲಿ ಕಂಪನಿ ಸಾಲುಮನೆಗಳನ್ನು ಕಟ್ಟಿಸಿತು. ಗಣಿಯ ಕೆಲಸದ ಬಹುಭಾಗ ನೆಲದೊಳಗಿನದು. ಮೋಂಬತ್ತಿಯ ಬೆಳಕಿನಲ್ಲಿ ಬಂಡೆಯನ್ನು ಸಿಡಿಸಿ ಹೊರತರಬೇಕು. ಮೇಲೆ ತಂದ ಗಟ್ಟಿಯನ್ನು ಉಳಿಯಿಂದ ಹದವರಿತು ಸೀಳಬೇಕು. ಆ ಕಲೆ ಬಲ್ಲವನ ಕೈಯಲ್ಲಿ ಕಲ್ಲು ಓಲೆಗರಿಯಂತೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಆ ಸೀಳಿದ ಕಲ್ಲಿನ ಧೂಳು ಶ್ವಾಸಕೋಶವನ್ನು ಹೊಕ್ಕು ಕೂತು, ವೇಲ್ಸಿನ ಸ್ಲೇಟು ಕೆಲಸಗಾರರಲ್ಲಿ ಎಷ್ಟೋ ಜನರ ಆಯುಷ್ಯವನ್ನು ಕಡಿತಗೊಳಿಸಿತು. ರೈಲು ಕಲ್ಲನ್ನು ಕೆಳಕ್ಕೆ ಒಯ್ಯುತ್ತಿತ್ತು. ಕಲ್ಲಿದ್ದಲನ್ನೂ ದಿನಸಿಯನ್ನೂ ಮೇಲಕ್ಕೆ ತರುತ್ತಿತ್ತು. ದಾರಿ ಎತ್ತರದಲ್ಲಿ, ಹಳ್ಳಿ ತಗ್ಗಿನಲ್ಲಿ. ಆದಕಾರಣ ಡಬ್ಬಿಗಳನ್ನು ಹಗ್ಗಕ್ಕೆ ಕಟ್ಟಿ ಇಳಿಜಾರಿನಲ್ಲಿ ಹಳ್ಳಿಯೊಳಕ್ಕೇ ಇಳಿಬಿಡುತ್ತಿದ್ದರು. ಆ ಜನಕ್ಕೆ ರೈಲು ನೋಟದ ವಸ್ತುವಾಗಿರಲಿಲ್ಲ. ಅದು ಅವರ ಒಲೆಯ ಸೌದೆ, ಸಂತೆಯ ಹಾದಿ, ತಿಂಗಳ ಕೂಲಿ.

ಮೆಕಾನೆಲ್ ಮನೆತನದವರು ನಿರೀಕ್ಷಿಸಿದ್ದ ಐಶ್ವರ್ಯ ಆ ಬೆಟ್ಟದಿಂದ ಬರಲಿಲ್ಲ. ಒಳ್ಳೆಯ ಪದರಗಳು ತೀರುತ್ತ ಬಂದವು, ಪೇಟೆ ಇಳಿಯಿತು, ಗುತ್ತಿಗೆಯ ಅವಧಿಯೂ ಮುಗಿಯಿತು. 1911ರಲ್ಲಿ ಗಣಿಯನ್ನೂ ರೈಲನ್ನೂ ಹೆನ್ರಿ ಹೇಡನ್ ಜೋನ್ಸ್ ಎಂಬಾತ 5,250 ಪೌಂಡಿಗೆ ಕೊಂಡ. ಆತ ಟವಿನ್ನಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವನು. ಲಿಬರಲ್ ಪಕ್ಷದಿಂದ ಆ ಸೀಮೆಯನ್ನು 1910ರಿಂದ 1945ರವರೆಗೆ ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದವನು. ಮುಂದೆ 'ಸರ್' ಬಿರುದನ್ನೂ ಪಡೆದವನು. ಗಣಿ ಮುಚ್ಚಿದರೆ ತನ್ನ ಮತದಾರರ ಮನೆಗಳಲ್ಲಿ ಒಲೆ ಉರಿಯದೆಂಬುದು ಆತನಿಗೆ ತಿಳಿದಿತ್ತು. ಗಣಿ ನಡೆಯಿತು, ಹೊಸ ಬಂಡವಾಳ ಬರಲಿಲ್ಲ. ಹಳಿ ಹಳೆಯದಾಯಿತು, ಸ್ಲೀಪರ್ ಮರಗಳು ಕೊಳೆತವು. 1946ರ ಡಿಸೆಂಬರಿನಲ್ಲಿ ಗಣಿಯೊಳಗೆ ಕುಸಿತವಾಗಿ ಕೆಲಸ ಶಾಶ್ವತವಾಗಿ ನಿಂತಿತು. ಸಾಗಿಸಲು ಕಲ್ಲಿಲ್ಲದ ಮೇಲೆ ರೈಲಿಗೇನು ಕೆಲಸ? ಆದರೆ ಸರ್ ಹೇಡನ್ ತಾನು ಬದುಕಿರುವವರೆಗೂ ರೈಲು ಓಡಿಸುವೆನೆಂದು ಮಾತು ಕೊಟ್ಟಿದ್ದ. ಬೇಸಗೆಯಲ್ಲಿ ವಾರದ ಕೆಲವು ದಿನ, ಕಡಲ ಗಾಳಿಗೆ ಬಂದ ಪ್ರವಾಸಿಗಳನ್ನು ಕೂರಿಸಿಕೊಂಡು, 'ಡಾಲ್ಗೋಕ್' ಎಂಜಿನ್ನು ಒಂದೇ ಏದುಸಿರು ಬಿಡುತ್ತ ಆ ಮಾತನ್ನು ನಡೆಸಿಕೊಟ್ಟಿತು. 'ಟಾಲಿಲಿನ್' ಆಗಲೇ ಕೆಟ್ಟು ಶೆಡ್ಡಿನಲ್ಲಿ ಮಲಗಿತ್ತು.

1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ ಅದಕ್ಕೆ ಆಧಾರವಾದ ಕಾಯಿದೆಯ ಪಟ್ಟಿಯಲ್ಲಿ ಟಾಲಿಲಿನ್ನಿನ ಹೆಸರಿರಲಿಲ್ಲ. ಸರಕಾರಕ್ಕೂ ಬೇಡವಾದ ದಾರಿ ಇದು. ಆದರೆ ಆ ಅಲಕ್ಷ್ಯವೇ ಅದನ್ನು ಉಳಿಸಿತೆನ್ನಬೇಕು. ಪಕ್ಕದ ಕಣಿವೆಯಲ್ಲಿ ಅಷ್ಟೇ ಅಗಲದ ಹಳಿಯುಳ್ಳ ಕಾರಿಸ್ ರೈಲ್ವೆ ಸರಕಾರದ ವಶಕ್ಕೆ ಹೋಯಿತು, ಅದೇ 1948ರಲ್ಲಿ ಮುಚ್ಚಿಯೂ ಹೋಯಿತು. 1950ರ ಜುಲೈ 2ರಂದು ಸರ್ ಹೇಡನ್ ತೀರಿಕೊಂಡ. ಕೊಟ್ಟ ಮಾತಿನ ಅವಧಿ ಅಲ್ಲಿಗೆ ಮುಗಿಯಿತು. ಆ ಬೇಸಗೆಯ ಓಡಾಟವನ್ನು ಹೇಗೋ ಪೂರೈಸಿ ಅಕ್ಟೋಬರ್ 6ರಂದು ರೈಲು ನಿಂತಿತು. ಹಳಿಗಳನ್ನು ಕಿತ್ತು ಗುಜರಿಗೆ ಮಾರುವುದೊಂದೇ ಉಳಿದ ದಾರಿ ಎಂದು ಯಾರಿಗಾದರೂ ತೋರುತ್ತಿತ್ತು.

ಹಾಗೆ ತೋರದ ಒಬ್ಬನಿದ್ದ. ಆತನ ಹೆಸರು ಟಾಮ್ ರೋಲ್ಟ್. ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಕೆಲಸ ಕಲಿತು, ಆಮೇಲೆ ಲೇಖಕನಾದವನು. ದೋಣಿಯೊಂದನ್ನೇ ಮನೆ ಮಾಡಿಕೊಂಡು ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ಸಂಚರಿಸಿ 1944ರಲ್ಲಿ ಒಂದು ಪುಸ್ತಕ ಬರೆದ; ಪಾಳು ಬೀಳುತ್ತಿದ್ದ ಆ ಕಾಲುವೆಗಳನ್ನು ಉಳಿಸಬೇಕೆಂಬ ಚಳುವಳಿಗೆ ಅದು ನಾಂದಿಯಾಯಿತು. ಯುದ್ಧದ ವರ್ಷಗಳಲ್ಲಿ ಆತ ಟವಿನ್ನಿಗೆ ಬಂದಾಗ ಕಂಡುದು 'ಇಂದು ರೈಲು ಇಲ್ಲ' ಎಂಬ ಸೂಚನೆ. ಆತ ಹಿಂದಿರುಗಲಿಲ್ಲ, ಹಳಿಯ ಗುಂಟ ನಡೆದೇ ದಾರಿಯನ್ನು ನೋಡಿದ. ಆ ನಡಿಗೆಯನ್ನು ಆತ ಮರೆಯಲಿಲ್ಲ. ಸರ್ ಹೇಡನ್ ಬದುಕಿದ್ದಾಗಲೇ ರೋಲ್ಟನೂ ಅವನ ಸ್ನೇಹಿತರೂ ಆತನನ್ನು ಕಂಡು ಮಾತಾಡಿದ್ದರು. ರೈಲು ನಿಂತ ಐದನೆಯ ದಿನ, 1950ರ ಅಕ್ಟೋಬರ್ 11ರಂದು, ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ಒಂದು ಸಭೆ ಸೇರಿತು. ಬಂದವರಲ್ಲಿ ಹೆಚ್ಚಿನವರು ರೈಲಿನ ಹುಚ್ಚು ಹಿಡಿದ ಊರಮಂದಿ. ಹವ್ಯಾಸಿಗಳು ರೈಲ್ವೆ ನಡೆಸುವುದುಂಟೆ ಎಂಬ ಸಂಶಯ ಸಹಜವಾಗಿತ್ತು, ಏಕೆಂದರೆ ಪ್ರಪಂಚದಲ್ಲಿ ಯಾರೂ ಅದುವರೆಗೆ ಹಾಗೆ ನಡೆಸಿರಲಿಲ್ಲ. ಆದರೂ ಟಾಲಿಲಿನ್ ರೈಲ್ವೆ ಸಂರಕ್ಷಣ ಸಂಘ ಅಲ್ಲಿ ಹುಟ್ಟಿತು. ಸರ್ ಹೇಡನ್ನನ ಪತ್ನಿ ಉದಾರ ಮನಸ್ಸಿನಿಂದ ದಾರಿಯ ಆಡಳಿತ ಸಂಘದ ಕೈಗೆ ಬರುವಂತೆ ಒಪ್ಪಂದ ಮಾಡಿಕೊಟ್ಟಳು.

1951ರ ಮೇ 14, ವ್ಹಿಟ್ಸನ್ ಹಬ್ಬದ ಸೋಮವಾರ. ಸಂಘದ ಮೊದಲ ರೈಲು ಟವಿನ್ನಿನಿಂದ ರಿಡ್ರೋನೆನ್ ಎಂಬ ನಿಲ್ದಾಣದವರೆಗೆ, ದಾರಿಯ ಮೂರನೆಯ ಒಂದು ಪಾಲಿನಷ್ಟು ದೂರ, ಓಡಿತು. ಜೂನ್ ತಿಂಗಳಿನಿಂದ ಇಡೀ ದಾರಿಯಲ್ಲಿ ಓಡಾಟ ಮೊದಲಾಯಿತು. ಸ್ವಯಂಸೇವಕರು ನಡೆಸಿದ ಪ್ರಪಂಚದ ಮೊದಲ ಸಂರಕ್ಷಿತ ರೈಲುದಾರಿ ಇದೆಂದು ಇತಿಹಾಸ ಬರೆದುಕೊಂಡಿದೆ. ಆ ದಿನ ಅಲ್ಲಿದ್ದವರಿಗೆ ಇತಿಹಾಸದ ಯೋಚನೆಗೆ ಪುರುಸೊತ್ತಿತ್ತೆಂದು ತೋರುವುದಿಲ್ಲ. ಕೊಳೆತ ಸ್ಲೀಪರುಗಳು ಹಿಡಿದಿಡಲಾರದ ಹಳಿಗಳನ್ನು ಹುಲ್ಲಿನ ಬೇರುಗಳೇ ಹಿಡಿದಿಟ್ಟಿದ್ದವು. ಹುಲ್ಲು ಕೀಳಿದರೆ ಹಳಿ ಕದಲುತ್ತದೆ, ಬಿಟ್ಟರೆ ಗಾಲಿ ಜಾರುತ್ತದೆ. ಓಡುವ ಎಂಜಿನ್ನು ಒಂದೇ. ಅದೂ 85 ವರ್ಷದ ಮುದುಕಿ.

ಅದೃಷ್ಟ ಪಕ್ಕದ ಕಣಿವೆಯಲ್ಲಿ ಕಾದಿತ್ತು. ಮುಚ್ಚಿಹೋದ ಕಾರಿಸ್ ರೈಲ್ವೆಯ ಎರಡು ಎಂಜಿನ್ನುಗಳು ಗುಜರಿಗೆ ಹೋಗದೆ ಉಳಿದಿದ್ದವು. ಒಂದೊಂದಕ್ಕೆ 25 ಪೌಂಡಿನಂತೆ ಸಂಘ ಅವನ್ನು ಕೊಂಡಿತು. ಟಾಲಿಲಿನ್ನಿನಲ್ಲಿ ಆಗಲೇ 1, 2 ಎಂಬ ಸಂಖ್ಯೆಯ ಎಂಜಿನ್ನುಗಳು. ಬಂದವು 3, 4. ಬಣ್ಣ ಬಳಿದು ಸಂಖ್ಯೆ ಬದಲಿಸುವ ಖರ್ಚು ಕೂಡ ಉಳಿಯಿತು! 3ಕ್ಕೆ 'ಸರ್ ಹೇಡನ್' ಎಂದೂ 4ಕ್ಕೆ ಹಳೆಯ ವ್ಯವಸ್ಥಾಪಕನ ನೆನಪಿಗೆ 'ಎಡ್ವರ್ಡ್ ಥಾಮಸ್' ಎಂದೂ ಹೆಸರಿಟ್ಟರು. ಆದರೆ 3ರ ಗಾಲಿಯ ಪಟ್ಟಿ ಕಿರಿದು. ಟಾಲಿಲಿನ್ನಿನ ಹಳಿಗಳೋ ಇರಬೇಕಾದುದಕ್ಕಿಂತ ತುಸು ಅಗಲವಾಗಿ ಕುಳಿತಿದ್ದವು. ಪರಿಣಾಮವಾಗಿ ಎಂಜಿನ್ನು ಎರಡು ಹಳಿಗಳ ನಡುವೆ ನೆಲಕ್ಕೆ ಕುಸಿಯುತ್ತಿತ್ತು. 4ನ್ನು ಲೀಡ್ಸ್ ಊರಿನ ಹನ್ಸ್‌ಲೆಟ್ ಕಾರ್ಖಾನೆಯವರು ಒಂದು ಕಾಸನ್ನೂ ತೆಗೆದುಕೊಳ್ಳದೆ ದುರಸ್ತಿ ಮಾಡಿಕೊಟ್ಟರು. ಆ 4 ತಯಾರಾದದ್ದು 1921ರಲ್ಲಿ, ಕೆರ್ ಸ್ಟುವರ್ಟ್ ಎಂಬ ಕಾರ್ಖಾನೆಯಲ್ಲಿ. ರೋಲ್ಟ್ ಹುಡುಗನಾಗಿದ್ದಾಗ ಉಮೇದುವಾರನಾಗಿ ಕೆಲಸ ಕಲಿತದ್ದೂ ಅಲ್ಲಿಯೇ. ಆ ಕಾರ್ಖಾನೆ 1930ರಲ್ಲಿ ಮುಳುಗಿತ್ತು. ಅದರ ಎಂಜಿನ್ನೂ ಅದರ ಶಿಷ್ಯನೂ ವೇಲ್ಸಿನ ಕಣಿವೆಯಲ್ಲಿ ಹೀಗೆ ಮತ್ತೆ ಕೂಡಿದರು.

ಮೊದಲ ಎರಡು ವರ್ಷ ರೋಲ್ಟನೇ ವ್ಯವಸ್ಥಾಪಕನಾಗಿದ್ದ. ರಜೆ ಸಿಕ್ಕಾಗ ಬರುವ ಗುಮಾಸ್ತರು, ಶಿಕ್ಷಕರು, ವಿದ್ಯಾರ್ಥಿಗಳು ಹಳಿ ಹೊರುತ್ತಿದ್ದರು, ಜಲ್ಲಿ ಹರಡುತ್ತಿದ್ದರು. ಇಂಥ ಸೇವೆಯನ್ನು ದೂರದಿಂದ ನೋಡುವವರಿಗೆ ಅದು ಆಟದಂತೆ ಕಂಡೀತು. ಆದರೆ ರೈಲು ಕ್ಷಮಿಸುವ ವಸ್ತುವಲ್ಲ. ಬಾಯ್ಲರಿನಲ್ಲಿ ನೀರು ತಗ್ಗಿದರೆ ಅದು ಸಿಡಿಯುವುದು ಕೂಲಿಯವನ ಕೈಯಲ್ಲಾದರೂ ಒಂದೇ, ಹವ್ಯಾಸಿಯ ಕೈಯಲ್ಲಾದರೂ ಒಂದೇ. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ರೈಲು ಬಾರದಂತೆ ನೋಡಿಕೊಳ್ಳುವ ನಿಯಮ ಸೇವಕನೆಂದು ಸಡಿಲವಾಗುವುದಿಲ್ಲ. ಆದ್ದರಿಂದ ಉತ್ಸಾಹ ಶಿಸ್ತಾಗಿ ಮಾರ್ಪಡಬೇಕಾಯಿತು. ಇಂದಿಗೂ ಅಲ್ಲಿ ಎಂಜಿನ್ನು ಓಡಿಸಬಯಸುವವನು ಮೊದಲು ಅದನ್ನು ಒರೆಸಬೇಕು. ಆಮೇಲೆ ಬೆಂಕಿ ನೋಡಿಕೊಳ್ಳಬೇಕು. ವರ್ಷಗಳ ಮೇಲೆ, ಪರೀಕ್ಷೆ ಕೊಟ್ಟು, ಡ್ರೈವರ್ ಆಗಬೇಕು. ಸಂಬಳದ ಕೆಲಸಗಾರರು ಕೆಲವರೂ ಇದ್ದಾರೆ. ಸ್ವಯಂಸೇವೆಯೊಂದರಿಂದಲೇ ರೈಲು ಓಡುತ್ತದೆಂಬುದು ಚಂದದ ಮಾತು, ಪೂರ್ಣ ಸತ್ಯವಲ್ಲ. ಆದರೆ ಅದಿಲ್ಲದೆ ಓಡದೆಂಬುದು ಪೂರ್ಣ ಸತ್ಯ.

ಆ ಮೊದಲ ವರ್ಷಗಳ ಸ್ವಯಂಸೇವಕರಲ್ಲಿ ಒಬ್ಬ ಪಾದ್ರಿಯಿದ್ದ, ವಿಲ್ಬರ್ಟ್ ಆಡ್ರಿ ಎಂದು. ಥಾಮಸ್ ಎಂಬ ಎಂಜಿನ್ನಿನ ಮಕ್ಕಳ ಕಥೆಗಳನ್ನು ಬರೆದು ಪ್ರಸಿದ್ಧನಾದವನು ಈತನೇ. ಟಾಲಿಲಿನ್ನಿನಲ್ಲಿ ಗಾರ್ಡ್ ಆಗಿ ಕೆಲಸ ಮಾಡಿದ ಅನುಭವದಿಂದ ಆತ 1955ರಲ್ಲಿ ನಾಲ್ಕು ಪುಟ್ಟ ಎಂಜಿನ್ನುಗಳ ಕಥೆ ಬರೆದ. ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋದವರು 1953ರಲ್ಲಿ ತೆಗೆದ, ಹಳ್ಳಿಗರು ತಮ್ಮ ರೈಲನ್ನು ಉಳಿಸಿಕೊಳ್ಳುವ ಹಾಸ್ಯಚಿತ್ರಕ್ಕೂ ಪ್ರೇರಣೆ ಇದೇ ದಾರಿ. 1951ರಲ್ಲಿ ಸುಮಾರು 15,000ದಷ್ಟಿದ್ದ ಪ್ರಯಾಣಗಳ ಸಂಖ್ಯೆ 1973ರಲ್ಲಿ 1,85,000ವನ್ನು ಮೀರಿತು. ಆ ಎತ್ತರವನ್ನು ಅದು ಮತ್ತೆ ಮುಟ್ಟಲಿಲ್ಲವಾದರೂ ದಾರಿ ನಿಲ್ಲಲಿಲ್ಲ. ಟಾಲಿಲಿನ್ನನ್ನು ನೋಡಿ ಇತರರೂ ಧೈರ್ಯ ತಾಳಿದರು. ವೇಲ್ಸಿನ ಫೆಸ್ಟಿನಿಯಾಗ್ 1955ರಲ್ಲಿ, ಇಂಗ್ಲೆಂಡಿನ ಮಿಡ್ಲ್‌ಟನ್ ಮತ್ತು ಬ್ಲೂಬೆಲ್ 1960ರಲ್ಲಿ ಇಂಥವೇ ಕೈಗಳಿಂದ ಮರುಜೀವ ಪಡೆದವು. ಇಂದು ಬ್ರಿಟನ್ನಿನಲ್ಲಿ ನೂರಕ್ಕೂ ಮಿಕ್ಕಿ ಇಂಥ ರೈಲುದಾರಿಗಳಿವೆ.

ಇಷ್ಟು ಹೇಳಿ, ಎಲ್ಲವೂ ಮಂಗಳವಾಯಿತೆಂದು ಮುಗಿಸಿಬಿಡಬಹುದು. ಆದರೆ ಇತಿಹಾಸ ಓದುವವನು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಉಳಿದದ್ದು ಏನು? 1946ರಲ್ಲಿ ಗಣಿ ಮುಚ್ಚಿದಾಗ ಅದರ ಕೆಲಸಗಾರರ ಕೂಲಿಯನ್ನು ಉಳಿಸಲು ಯಾವ ಸಂಘವೂ ಹುಟ್ಟಲಿಲ್ಲ. 1950ರಲ್ಲಿ ಎಂಜಿನ್ನು ನಿಂತಾಗ ದೊಡ್ಡ ಊರಿನ ಜನ ಓಡಿಬಂದರು. ಬಂದವರ ಮಾತು ಬಹುಮಟ್ಟಿಗೆ ಇಂಗ್ಲಿಷ್. ಕಣಿವೆಯವರ ಮಾತು ವೆಲ್ಷ್. ಒಬ್ಬರಿಗೆ ದುಡಿಮೆಯಾಗಿದ್ದದ್ದು ಇನ್ನೊಬ್ಬರಿಗೆ ರಜೆಯ ಆನಂದವಾಯಿತು. ಧೂಳು ಕುಡಿದು ಸೀಳಿದ ಕಲ್ಲನ್ನು ಹೊತ್ತ ಹಳಿಯ ಮೇಲೆ ಈಗ ಮಕ್ಕಳು ಕಿಟಕಿಗೆ ಮುಖವಿಟ್ಟು ಕೈಬೀಸುತ್ತವೆ. ಇದನ್ನು ಉಳಿಸಿದ್ದೆನ್ನಬೇಕೆ, ವೇಷ ಬದಲಿಸಿದ್ದೆನ್ನಬೇಕೆ? 'ಟಾಲಿಲಿನ್' ಎಂಜಿನ್ನು 1958ರಲ್ಲಿ ಮತ್ತೆ ಓಡಿತು, ನಿಜ. ಆದರೆ ಬಾಯ್ಲರು ಮೊದಲುಗೊಂಡು ಅದರ ಎಷ್ಟೋ ಭಾಗಗಳು ಹೊಸವು.

ಈ ಪ್ರಶ್ನೆಗೆ ಸಲೀಸಾದ ಉತ್ತರವಿಲ್ಲ. ನನಗೆ ತೋರುವುದಿಷ್ಟು. ಆ ರೈಲನ್ನು ಕಟ್ಟಿದ್ದು ಲಾಭ. ಲಾಭ ಹೋದಾಗ ಅದನ್ನು ಕಟ್ಟಿದ ಕಾರಣವೂ ಸತ್ತಿತು. ಆಮೇಲೆ ಉಳಿದ ನಾಲ್ಕು ವರ್ಷ ಅದನ್ನು ನಡೆಸಿದ್ದು ಒಬ್ಬ ಮುದುಕನ ಮಾತು. ಆ ಮಾತೂ ಮುಗಿದ ಮೇಲೆ ಅದನ್ನು ನಡೆಸುತ್ತಿರುವುದು, ಅದರಿಂದ ತಮಗೇನೂ ಬಾರದೆಂದು ತಿಳಿದೂ ಬಂದ ಜನರ ಶ್ರಮ. ಮೊದಲಿನ ಬದುಕನ್ನು ಈ ಶ್ರಮ ಮರಳಿ ತರಲಾರದು. ತಂದಿತೆಂದು ನಟಿಸಿದರೆ ಅದು ಸುಳ್ಳು. ಆದರೆ ಅಲ್ಲಿ ಒಂದು ಬದುಕಿತ್ತೆಂಬುದಕ್ಕೆ ಸಾಕ್ಷಿಯನ್ನು ಅದು ಕಾಪಾಡಬಲ್ಲದು. ಹಳಿ ಗುಜರಿಗೆ ಹೋಗಿದ್ದರೆ ಬ್ರಿನ್ ಎಗ್ಲ್ವಿಸ್ಸಿನ ಹೆಸರನ್ನು ಇಂದು ಎಷ್ಟು ಜನ ಕೇಳುತ್ತಿದ್ದರು? 1976ರಲ್ಲಿ ಸ್ವಯಂಸೇವಕರು ಹಳೆಯ ಕಲ್ಲುಸಾಗಣೆಯ ಹಾದಿಯಲ್ಲೇ ಹಳಿಯನ್ನು ಮುಂದುವರಿಸಿ, ಗಣಿಯ ಇಳಿಜಾರಿನ ಬುಡದಲ್ಲಿರುವ ನಾಂಟ್ ಗ್ವೆರ್ನೋಲ್‌ವರೆಗೆ ಪ್ರಯಾಣಿಕರನ್ನು ಕರೆದೊಯ್ದರು. ಅಲ್ಲಿ ಇಳಿದು ಮೇಲಕ್ಕೆ ನಡೆದವನಿಗೆ ಕಾಣುವುದು ಪಾಳುಬಿದ್ದ ಗಣಿ, ಕಲ್ಲಿನ ಚೂರುಗಳ ಗುಡ್ಡೆ, ಮೌನ. ನೋಟದ ರೈಲು ನೋಡುವವನನ್ನು ಅಲ್ಲಿಯವರೆಗೆ ತಂದು ಬಿಟ್ಟರೆ ಅದರ ಕೆಲಸ ಸಾರ್ಥಕ. 2021ರಲ್ಲಿ ಯುನೆಸ್ಕೋ ಸಂಸ್ಥೆ ವಾಯವ್ಯ ವೇಲ್ಸಿನ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಈ ಗಣಿಯೂ ಇದೆ, ಈ ರೈಲೂ ಇದೆ; ಎರಡೂ ಜೊತೆಯಾಗಿಯೇ ಇವೆ.

ಕೊನೆಗೆ ಮತ್ತೆ ಆ ಬಾಗಿಲಿಗೇ ಬರೋಣ. ಸೇತುವೆಗಳನ್ನು ಅಗಲಿಸಿ ಎರಡೂ ಕಡೆ ಬಾಗಿಲಿಡುವುದು ಇಂದಿನ ಯಂತ್ರಗಳಿಗೆ ದೊಡ್ಡ ಮಾತಲ್ಲ. ಆದರೂ ಯಾರೂ ಹಾಗೆ ಮಾಡಿಲ್ಲ. ಹತ್ತಿಯ ಯುದ್ಧದ ಕಾಲದಲ್ಲಿ ಅವಸರದಿಂದ ಕಟ್ಟಿದವರ ತಪ್ಪು, ಅದನ್ನು ಕಂಡುಹಿಡಿದ ಪರೀಕ್ಷಕನ ಎಚ್ಚರ, ಹಣವಿಲ್ಲದ ಕಂಪನಿಯ ಉಪಾಯ, ಎಲ್ಲವೂ ಆ ಮುಚ್ಚಿದ ಪಕ್ಕದಲ್ಲಿ ಹಾಗೆಯೇ ಇವೆ. ಹಿರಿಯರಿಂದ ಬಂದುದನ್ನು ಕಾಪಾಡುವವರು ಅವರ ತಪ್ಪುಗಳನ್ನು ಅಳಿಸಿ ಅಂದಗೊಳಿಸುವುದೇ ಹೆಚ್ಚು. ತಪ್ಪನ್ನೂ ಜೊತೆಯಲ್ಲೇ ಕಾಪಾಡಿಕೊಂಡು ಬಂದವರ ಕೈಯಲ್ಲಿ ಇತಿಹಾಸ ಕ್ಷೇಮವಾಗಿದೆ ಎಂದು ನನಗೆ ಅನ್ನಿಸುತ್ತದೆ.